ಭಾವನ ಎದುರಿನ ಕುರ್ಚಿ

ಓಬಳೇಶ ಒಳಗೆ ಬಂದ ಕೂಡಲೇ ನಾಗರತ್ನ ಕುರ್ಚಿಯಿಂದ ಎದ್ದು ನಿಂತಳು. ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಬಿಟ್ಟಿತ್ತು. ವಿಮಾ ಕಂಪನಿಯ ಮ್ಯಾನೇಜರು ನಕ್ಕರು. "ಕೂತ್ಕೊಳ್ಳಿ ಮೇಡಂ. ಅವರು ಸಾಹೇಬರಲ್ಲ, ನಿಮ್ಮ ಹಾಗೇ ಕೆಲಸಕ್ಕೆ ಬಂದವರು."

ಗಂಡನ ಅಣ್ಣ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಓಬಳೇಶನೂ ಹೇಳಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಅವನು ದಾವಣಗೆರೆಗೆ ಹೊರಟೆ ಅಂದಿದ್ದ. ಅವಳು ಅತ್ತೆ ಬೊಮ್ಮಮ್ಮನಿಗಷ್ಟೇ ಹೇಳಿ ಸಂದರ್ಶನವಿದ್ದ ಹರಪನಹಳ್ಳಿಯ ಈ ಲಾಡ್ಜಿಗೆ ಬಂದಿದ್ದಳು. ಪರೀಕ್ಷೆ ಪಾಸಾದ ಐದಾರು ಮಂದಿಗೆ ಇದ್ದ ಕೆಲಸ ಒಂದೇ. ಅದು ಅವಳಿಗೆ ಬೇಕೇ ಬೇಕಿತ್ತು. ಯುಗಾದಿಗೆ ಭಾವ ಬೇರೆ ಒಲೆ ಹೂಡುವವನಿದ್ದ. ಆಮೇಲೆ ಅತ್ತೆ, ಒಂದು ಕಾಲು ಕಳೆದುಕೊಂಡ ಗಂಡ ಹುಲುಗೇಶ, ಇಬ್ಬರ ಹೊಟ್ಟೆಯೂ ಅವಳ ಮೇಲೆ.

ಈ ಸುತ್ತಿನಲ್ಲಿ ಎಲ್ಲರೂ ಕೂಡಿ ವಾದ ಮಾಡಬೇಕು, ಮ್ಯಾನೇಜರು ಕೂತು ನೋಡುತ್ತಾರೆ. ಹಳ್ಳಿಗೆ ಮೊದಲು ಬೇಕಾದ್ದು ರಸ್ತೆಯೋ, ಫೋನೋ? ಓಬಳೇಶ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಫೋನಿದ್ದರೆ ಜೀವ ಉಳಿಯುತ್ತದೆ ಅಂದ. ಸ್ವಂತ ತಮ್ಮ ಟ್ರ್ಯಾಕ್ಟರಿನ ಅಡಿ ಸಿಕ್ಕಾಗ ಊರಲ್ಲಿ ಒಂದು ಫೋನಿದ್ದಿದ್ದರೆ ಕಾಲು ಹೋಗುತ್ತಿರಲಿಲ್ಲ ಅಂದ.

ನಾಗರತ್ನ ತಲೆ ಎತ್ತಿದಳು. ಫೋನಿತ್ತು. ಕಿರಾಣಿ ಅಂಗಡಿಯಿಂದ ಅವಳೇ ಕೊಟ್ಟೂರಿನ ಆಸ್ಪತ್ರೆಗೆ ಮಾತಾಡಿದ್ದಳು. ಅಲ್ಲಿಂದ ಜೀಪು ಕೂಡಲೇ ಹೊರಟಿತ್ತು, ಆದರೆ ಹಳ್ಳದ ಕೆಸರಲ್ಲಿ ಹೂತು, ಊರು ಮುಟ್ಟುವಾಗ ಸಂಜೆಯಾಗಿತ್ತು. ಆ ಜೀಪನ್ನು ನೂಕಿದವರಲ್ಲಿ ಈ ಭಾವನೂ ಒಬ್ಬ.

ಮ್ಯಾನೇಜರು ಅವಳ ಕಡೆ ತಿರುಗಿದರು. "ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನೀವೇ. ಈಗ್ಯಾಕೆ ಬಾಯೇ ಇಲ್ಲ?"

ಓಬಳೇಶ ನೆಲ ನೋಡುತ್ತಿದ್ದ. ಸೊಸೆಯಾಗಿ ಬಂದಾಗಿನಿಂದ ಅವನ ಎದುರು ಅವಳು ಕುರ್ಚಿಯಲ್ಲಿ ಕೂತದ್ದು ಇವತ್ತೇ ಮೊದಲು. ಇನ್ನು ನಾಲ್ಕು ಜನರ ಮುಂದೆ ಅವನ ಮಾತು ಸುಳ್ಳು ಅನ್ನುವುದು ಹೇಗೆ?

"ಅವರು ಹೇಳಿದ್ದು ಖರೇನ ಐತ್ರಿ," ಅಂದಳು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಓಬಳೇಶನದಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಅವನು ಎತ್ತಲೋ ನೋಡುತ್ತ ಹೇಳಿದ. "ನೀನೂ ಬಂದಿರ್ತೀ ಅಂತ ಗೊತ್ತಿದ್ದಿಲ್ಲವ್ವ. ಒಂದು ಮಾತು ಅಂದಿದ್ರ ಕೆಲಸ ನಿನಗ ಆಗ್ತಿತ್ತು."

"ಅನ್ನಾಕ ಬರ್ತಿತ್ತೇನ್ರಿ ಭಾವಾರ?"

ಬಸ್ಸಿನಲ್ಲಿ ಅವನ ಪಕ್ಕದ ಸೀಟೊಂದೇ ಖಾಲಿ. ನಾಗರತ್ನ ಕಂಬಿ ಹಿಡಿದು ನಿಂತಳು. "ಜಾಗ ಐತಲ್ಲವ್ವ, ಕುಂದ್ರು," ಅಂದ ಕಂಡಕ್ಟರು. ಇಲ್ಲೇ ಇಳಿಯುತ್ತೇನೆ ಅಂದಳು. ಊರು ಇನ್ನೂ ಬಹಳ ದೂರವಿತ್ತು.

ಕೊಟ್ಟೂರು ದಾಟಿದ ಮೇಲೂ ಅವಳು ನಿಂತೇ ಇದ್ದಳು, ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಓಬಳೇಶ ತನ್ನ ಕೈಚೀಲವನ್ನು ಆ ಸೀಟಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅದನ್ನು ಮತ್ತೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.