ಅಟ್ಟದಿಂದ ಇಳಿಸಿದ್ದು

ಮಗಳ ಎಡಜಡೆ ಮುಗಿದು ಬಲಜಡೆ ಅರ್ಧಕ್ಕೆ ಬಂದಿತ್ತು, ಫೋನು ಬಡಿದುಕೊಂಡಿತು. ಶೃತಿ ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಸ್ಪೀಕರ್ ಒತ್ತಿದಳು. ಕುಣಿಗಲ್‌ನ ರಕ್ತಪರೀಕ್ಷೆ ಲ್ಯಾಬಿನ ಮಾಲೀಕ ಚನ್ನವೀರಯ್ಯ.

“ಬೇಜಾರ್ ಮಾಡ್ಕೋಬ್ಯಾಡಿ ತಾಯಿ. ನಿಮ್ ಮೈದುನಂದೇ ಫಾಸ್ಟಂತೆ. ಕೆಲ್ಸ ತಿಮ್ಮೇಶಂಗೇ ಹೇಳ್ಬಿಟ್ಟೆ. ಎರಡೂ ಪ್ರೋಗ್ರಾಮ್ ಓಡ್ಸಿ ಟೆಸ್ಟ್ ಮಾಡಿದ್ದು ನಿಮ್ಮೆಜಮಾನ್ರೇ ಅಲ್ವಾ, ಇನ್ಯಾರ್ನ ನಂಬ್ಲಿ?”

ಲ್ಯಾಬಿನ ಹಳೆಯ ರಿಪೋರ್ಟುಗಳನ್ನು ಹುಡುಕಿಕೊಡುವ ಪ್ರೋಗ್ರಾಮನ್ನು ಶೃತಿಯೂ ಬರೆದಿದ್ದಳು, ಗುಬ್ಬಿಯಲ್ಲಿದ್ದ ಮೈದುನ ತಿಮ್ಮೇಶನೂ ಬರೆದಿದ್ದ. ಯಾರದು ಬೇಗ ಹುಡುಕುತ್ತದೋ ಅವರಿಗೆ ಕೆಲಸ. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳಿಗೆ ಮತ್ತೆ ಕಂಡ ಮೊದಲ ದಾರಿ ಅದು. ಅನ್ನಕ್ಕಿಟ್ಟು, ಬಟ್ಟೆ ನೆನೆಹಾಕಿ, ನಡುನಡುವೆ ಬರೆದದ್ದು.

“ಅಮ್ಮಾ, ನಿನ್ನೆ ಅಪ್ಪ...” ಲಿಖಿತಾ ಕತ್ತು ಹೊರಳಿಸಿದಳು.

“ಅಲ್ಲಾಡ್ಬೇಡ ಕಣೇ.”

ಗಂಡ ಕನಕರಾಜು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ಎದುರಿಗೆ ಕೂತ. “ಹೋಗ್ಲಿ ಬುಡು. ನನ್ ತಮ್ಮಂಗೂ ಒಂದು ನೆಲೆ ಬೇಕಲ್ಲ, ಹೆಣ್ಣು ನೋಡ್ತಾವ್ರೆ. ನಿಂಗೇನು, ನಾನಿಲ್ವಾ?”

“ರೀ, ಎರಡನ್ನೂ ಓಡ್ಸೋಕ್ ಮುಂಚೆ ಒಂದೊಂದ್ಸಲ ಮೆಮೊರಿ ಖಾಲಿ ಮಾಡಿದ್ರಿ ತಾನೆ?”

“ಮಾಡ್ದೆ ಕಣೇ. ನನ್ಮೇಲೇ ಡೌಟಾ?”

ಡಿಸ್ಕಿನಿಂದ ಒಮ್ಮೆ ಓದಿದ ಫೈಲಿನ ಪುಟಗಳನ್ನು ಕಂಪ್ಯೂಟರನ್ನು ಒಳಗಿನಿಂದ ನಡೆಸುವ ‘ಕರ್ನಲ್’ ಎಂಬ ಪ್ರೋಗ್ರಾಮು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಎರಡನೇ ಸಲ ಕೇಳಿದರೆ ಥಟ್ಟನೆ ಕೊಟ್ಟುಬಿಡುತ್ತದೆ. ಮಗಳಿಗೆ ಶೃತಿ ಅದನ್ನು ಅಡುಗೆಮನೆಯಲ್ಲಿ ನಿಂತು ಹೇಳಿಕೊಟ್ಟಿದ್ದಳು. ಹಬ್ಬದ ಪಾತ್ರೆಗಳನ್ನು ಅಟ್ಟದಿಂದ ಒಬ್ಬರು ಇಳಿಸಿಟ್ಟರೆ, ಆಮೇಲೆ ಬಂದವರಿಗೆ ಕೈ ಚಾಚಿದರೆ ಸಾಕು. ಯಾರು ಚುರುಕು ಎಂದು ನೋಡಬೇಕಾದರೆ, ಪ್ರತಿ ಸಲವೂ ಪಾತ್ರೆಗಳೆಲ್ಲ ವಾಪಸ್ ಅಟ್ಟ ಹತ್ತಬೇಕು. ಹಾಗೆ ಹತ್ತಿಸುವ, ಅಂದರೆ ಮೆಮೊರಿ ಖಾಲಿ ಮಾಡುವ, ಕಮ್ಯಾಂಡನ್ನು ಗಂಡನಿಗೂ ಅವಳೇ ಕಲಿಸಿದ್ದಳು. ನಿನ್ನೆ ಮನೆಯಲ್ಲೇ ನಡೆದ ಪರೀಕ್ಷೆಯ ಹೊತ್ತಿಗೆ ತಾನು ಪಕ್ಕದಲ್ಲಿರುವುದು ಸರಿಯಲ್ಲವೆಂದು, ಒಣಗಿದ ಬಟ್ಟೆ ತರಲು ಮಹಡಿಗೆ ಎದ್ದು ಹೋಗಿದ್ದಳು. ಲಿಖಿತಾ ಹೋಮ್‌ವರ್ಕ್ ಹರಡಿಕೊಂಡು ಅಪ್ಪನ ಪಕ್ಕದಲ್ಲೇ ಕೂತಿದ್ದಳು.

ಬಟವಾಡಿಯ ರಸ್ತೆಯಲ್ಲಿ ಸ್ಕೂಲ್ ಆಟೋದ ಹಾರ್ನ್ ಕೇಳಿಸಿತು. ಶೃತಿ ಮತ್ತೆ ಜಡೆಗೆ ಕೈ ಹಾಕಿದಳು. ಮೂರು ಕಾಲುಗಳಲ್ಲಿ ಯಾವುದು ಯಾವುದರ ಮೇಲೆ ಬರಬೇಕೆಂದು ಬೆರಳುಗಳಿಗೆ ಮರೆತುಹೋಗಿತ್ತು.

ಕನಕರಾಜು ತಟ್ಟೆಯಲ್ಲಿ ಕರಿಬೇವನ್ನು ಒಂದೊಂದಾಗಿ ಅಂಚಿಗೆ ಸರಿಸುತ್ತಿದ್ದ. ಲಿಖಿತಾ ಅಮ್ಮನ ಕೈಯಿಂದ ಅರ್ಧ ಜಡೆಯನ್ನು ಬಿಡಿಸಿಕೊಂಡು, ಅಪ್ಪನ ಮುಂದೆ ಹೋಗಿ ನಿಂತಳು.

“ಅಪ್ಪಾ, ನೀನು ಅಮ್ಮಂದಕ್ಕೆ ಮುಂಚೆ ಮಾತ್ರ ಖಾಲಿ ಮಾಡ್ದೆ. ಅಮ್ಮ ಇಳ್ಸಿದ್ದೆಲ್ಲ ಹಂಗೇ ಇಟ್ಕೊಂಡು ಚಿಕ್ಕಪ್ಪಂದು ಓಡ್ಸಿದ್ಯಲ್ಲ, ಯಾಕೆ?”