ಗಾದಿ ಬಸ್ಸಿನ ಬಾಗಿಲು

೧
ಎಲ್ಲಿಂದ ಶುರು ಮಾಡಲಿ? ಬಸ್ಸಿಗೆ ಎರಡು ಬಾಗಿಲು, ಮುಂದೊಂದು ಹಿಂದೊಂದು. ಕಥೆಗೆ ಒಂದೂ ಸಿಗುತ್ತಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ಬಂಕಾಪುರದ ನವಿಲೊಂದು ಬಸ್ಸಿನ ಮೇಲೆ ಕುಣಿಯುತ್ತಿತ್ತು. ಕೆಲಸವಿಲ್ಲದ ನವಿಲು. ಓಡಿಸಿದೆ.)

೨
ಗೋಡೆಯಿಂದಲೇ ಆಗಲಿ. ಸವಣೂರಿನ ಬಡಿಗ ಶೇಖಸಾಬ ಮಗಳು ಶಬನಮಳಿಗಾಗಿ ಹಳೆಯ ಬಸ್ಸೊಂದರೊಳಗೆ ಪ್ಲೈವುಡ್ಡಿನ ಗೋಡೆ ಕಟ್ಟುತ್ತಿದ್ದಾನೆ. ಅಳಿಯ ಜಾವೇದ ಗಾದಿ ಹೊಲಿಯುವವನು. ಸಂತೆಯಿಂದ ಸಂತೆಗೆ ಹೋಗುವ ಆ ಬಸ್ಸೇ ಅವರ ಅಂಗಡಿ, ಅದೇ ಮನೆ. ಮದುವೆಯಾಗಿ ವರ್ಷವಾದರೂ ಅತ್ತೆ ಗೌಸಬಿಯ ಕಣ್ಣೆದುರೇ ಮಲಗುವ ಶಬನಮ ತವರಿನಿಂದ ಬೇಡಿದ್ದು ಇದೊಂದನ್ನೇ: ಹಿಂಬದಿಗೆ ಒಂದು ಗೋಡೆ, ಅದಕ್ಕೊಂದು ಬಾಗಿಲು.

ಗೌಸಬಿ ಬೇಡವೆನ್ನಲಿಲ್ಲ. ಆದರೆ ಮೊದಲ ಮೊಳೆ ಬಿದ್ದ ದಿನದಿಂದ, ನಸುಕಿನ ನಮಾಜಾದ ಮೇಲೆ ಆಕೆ ಹಾಡುತ್ತಿದ್ದ ಪದ ನಿಂತುಹೋಯಿತು. ಆ ಪದಕ್ಕೇ ಎಚ್ಚರಾಗುತ್ತಿದ್ದ ಶಬನಮಳಿಗೆ ಈಗ ಬೆಳಗು ಎಲ್ಲಿ ಶುರುವಾಗುತ್ತದೆಂದೇ ತಿಳಿಯದು.

(ನಾನೂ ಅಂಥ ಪದ ಕೇಳಿಯೇ ಬೆಳೆದವನು. ಇಲ್ಲಿ ಒಂದು ಸಾಲು ಕಟ್ಟಲು ಕೂತೆ. ಬರಲಿಲ್ಲ. ಕೇಳುವುದಷ್ಟೇ ನನಗೆ ಬಂದದ್ದು.)

೩
ಮನೆಗಳಿಗೆ ಬಾಗಿಲು ಕೂರಿಸಿ ರೂಢಿಯಾದ ಶೇಖಸಾಬ ಇಲ್ಲೂ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿದ. ಮುಂದಿನ ಟಯರುಗಳಲ್ಲಿ ಗಾಳಿಯಿಲ್ಲದೆ ಬಸ್ಸು ಮೂತಿ ತಗ್ಗಿಸಿ ನಿಂತದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಜಾವೇದ ಗಾಳಿ ತುಂಬಿಸಿದ. ಬಸ್ಸು ತಲೆ ಎತ್ತಿತು, ಗೋಡೆ ಹಿಂದಕ್ಕೆ ವಾಲಿತು, ಮುಚ್ಚಿದ್ದ ಬಾಗಿಲು ಯಾರೋ ಒಳಗೆ ಬಂದಂತೆ ಮೆಲ್ಲಗೆ ತೆರೆದುಕೊಂಡಿತು.

ಇಲ್ಲಿ ಶೇಖಸಾಬ ನನ್ನ ಮೇಲೆ ತಿರುಗಿಬಿದ್ದ. “ತಪ್ಪು ಮಾಡ್ಸಾಕ ನಾನ ಬೇಕಾಗಿತ್ತೇನ್ರಿ ನಿಮಗ? ನಲವತ್ತು ವರ್ಷದ ಹೆಸರೈತಿ ನಂದು.”

ಅಳಿಸುತ್ತೇನೆ ಎಂದೆ. ಅಷ್ಟರಲ್ಲಿ ಅವನು ಚಿಲಕ ತರಲು ಸವಣೂರಿಗೆ ಹೋಗಿಬಿಟ್ಟಿದ್ದ.

೪
ರಾತ್ರಿ ಗಾದಿ ಒತ್ತಿ ಮುಚ್ಚಿದ್ದ ಬಾಗಿಲು ಮರುದಿನ ನಸುಕಿಗೆ ತಾನಾಗಿ ಮತ್ತೆ ತೆರೆಯಿತು. ಸೊಸೆಯೇ ತೆರೆದಳೆಂದುಕೊಂಡ ಗೌಸಬಿ ಕೇಳಿದಳು: “ಎಚ್ಚರಾತೇನವ್ವಾ?”

ಶಬನಮ ನಿಜ ಹೇಳಲಿಲ್ಲ. “ಪದಾ ಹೇಳ್ರಿ ಅತ್ತಿ.”

ಪದ ಎದ್ದಿತು. ಸೀಟುಗಳಿಲ್ಲದ ಬಸ್ಸು ಹಿಂಜಿದ ಅರಳೆಯಂತೆ ಹಗುರಾಗಿ, ನಿಂತಲ್ಲೇ ಎಲ್ಲಿಗೋ ಹೊರಟಿತು.

೫
ಅಂತ್ಯ ಒಂದು: ಶೇಖಸಾಬ ಚಿಲಕ ಬಡಿಯುತ್ತಾನೆ. ಹೆಸರು ಉಳಿಯುತ್ತದೆ.

ಅಂತ್ಯ ಎರಡು: ಗೋಡೆಯನ್ನೇ ಕೀಳುತ್ತಾನೆ, ಅತ್ತೆ ಸೊಸೆ ಅಪ್ಪಿಕೊಳ್ಳುತ್ತಾರೆ. (ಇದು ಟೀವಿಯವರಿಗಿರಲಿ.)

ಮೂರನೆಯದು ನನ್ನದಲ್ಲ. ಚಿಲಕ ಹಿಡಿದು ಬಂದ ಅಪ್ಪನನ್ನು ಶಬನಮ ಮೆಟ್ಟಿಲಲ್ಲೇ ತಡೆದು, ಒಳಗೆ ಕೇಳದಂತೆ ಅಂದಳು: “ಇರ್ಲಿ ಬಿಡಪ್ಪಾ. ಇಳಕಲಿಗೆ ಮೂತಿ ಮಾಡಿ ನಿಲ್ಸಿದ್ರ ಮುಚ್ಚತೈತಿ, ಇಲ್ಲಂದ್ರ ತೆರೀತೈತಿ. ಮುಚ್ಚಿದ್ರ ನಾ ಮುಚ್ಚಿದಂಗಲ್ಲ, ತೆರದ್ರ ಅತ್ತಿ ತೆರದಂಗಲ್ಲ.”

“ಬಡಿಗ್ಯಾನ ಮಗಳಾಗಿ ಹಿಂಗಂತೀಯಲ್ಲ,” ಎಂದ ಶೇಖಸಾಬ. ಚಿಲಕ ಜೇಬಿಗೆ ಹೋಯಿತು. ಅಲ್ಲೇ ಇದೆ.

ಜಾವೇದ ಬಸ್ಸು ಸ್ಟಾರ್ಟ್ ಮಾಡಿದ್ದಾನೆ. ನಾಳೆ ಹಾನಗಲ್ಲ, ಆಮೇಲೆ ಹಿರೇಕೆರೂರು. ಅಲ್ಲಿನ ಸಂತೆಬಯಲು ಯಾವ ಕಡೆ ಇಳಿದಿದೆಯೋ ನಾನು ನೋಡಿಲ್ಲ. ನೋಡಿದವರು ನನಗೆ ಹೇಳಬೇಡಿ.