ಅಕ್ಕನ ಬೆರಳು, ನನ್ನ ಚುಕ್ಕೆ

ಟಕ್ — ಮುಂದಿನ ಬೆಂಚಿನಲ್ಲಿ ಅಕ್ಕನ ಬೆರಳು, ಇಟ್ಟೆ ಚುಕ್ಕೆ, ಪುಣ್ಯಾತ್ಗಿತ್ತಿ, ಪರೀಕ್ಷೆಯಲ್ಲೂ ಕೈಬಿಡಲಿಲ್ಲ, ಫ್ಯಾನು ಕಿರ್ ಎನ್ನುತ್ತಿದೆ, ಬೆವರಿಗೆ ಪೆನ್ನು ಜಾರುತ್ತಿದೆ, ನಿಮ್ಮ ಮನೆಯ ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಿರಿ, ಅಂತೆ, ನನ್ನ ಬಿಟ್ಟರೆ ಮನೆಯಲ್ಲಿ ಇರುವುದೇ ಇನ್ನೊಬ್ಬಳು, ಅಕ್ಕನನ್ನೇ ಬರೆಯುತ್ತಿದ್ದೇನೆ, ಕಳೆದ ಸಲ ಇಡೀ ಪುಟದಲ್ಲಿ ಒಂದು ಮಾತಿನ ಕೊನೆಗೂ ಚುಕ್ಕೆ ಇಡದೆ ಫೇಲಾದೆ, ಅಮ್ಮಾ, ನಿಮ್ಮದು ರೈಲು ಓಡಿದ ಹಾಗೆ ಓಡುತ್ತೆ, ಒಂದು ಸ್ಟೇಷನ್ನಾದ್ರೂ ಬೇಡ್ವಾ, ಅಂದಿದ್ದರು ರಾತ್ರಿಶಾಲೆಯ ಮೇಡಂ, ಏನು ಮಾಡಲಿ, ನಮ್ಮ ಮಾತಾದರೆ ಬಂದಳು, ಹೋದಳು ಅಂತ ಕೊನೆಗೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ನುಗ್ಗಿ ಕೂತುಬಿಡುತ್ತದೆ, ಹಿಂದಿನಿಂದ ನೆಂಟರ ಹಾಗೆ ಪದಗಳು ಬರುತ್ತಲೇ ಇರುತ್ತವೆ, ಬಾಗಿಲು ಹಾಕುವುದು ಯಾವಾಗ — ಟಕ್, ಇಟ್ಟೆ — ಅದಕ್ಕೇ ಅಕ್ಕ ಈ ಉಪಾಯ ಮಾಡಿದ್ದು, ಅವಳು ಅಂಗಿಗಳ ಗುಂಡಿಗೆ ಕಾಜಾ ಹಾಕುತ್ತಾ ಕೂರುವುದು, ನಾನು ಪಾಠವನ್ನು ಜೋರಾಗಿ ಓದುವುದು, ಮಾತು ಮುಗಿದಲ್ಲಿ ಅವಳು ಮೇಜಿಗೆ ಕುಟ್ಟುವುದು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಎಡಗೈ ತೋರುಬೆರಳು ಮೇಲೆದ್ದರೆ ನನ್ನ ಉಸಿರೂ ನಿಲ್ಲುತ್ತದೆ, ಇಳಿದರೆ ಚುಕ್ಕೆ, ಲೇ ಮುದುಕಿ, ನಾನು ಸತ್ರೆ ಯಾರು ಕುಟ್ತಾರೆ ನಿಂಗೆ, ಸಾಯೋದಾದ್ರೆ ಪಾಸಾಗಿ ಸಾಯಿ ಅಕ್ಕ, ಫೇಲಾದೋರ್ನ ಮೇಲೂ ಸೇರಿಸ್ಕೊಳಲ್ಲ, ಅಂದಿದ್ದೆ ನಾನು, ಸೂಜಿ ಕೆಳಗಿಟ್ಟು ನಕ್ಕಿದ್ದಳು.

ಟಕ್, ಇಟ್ಟೆ — ತಡಿ, ಓದಿ ನೋಡೋಣ, ಮೈ ಸಿಸ್ಟರ್ ಈಸ್ ಎ, ಚುಕ್ಕೆ, ಟೈಲರ್ ಶಿ, ಚುಕ್ಕೆ, ಅಯ್ಯೋ ನನ್ನ ಬುದ್ಧಿಗೆ ಮಣ್ಣು ಹಾಕ, ಅವಳು ಕುಟ್ಟುತ್ತಿರುವುದು ಅವಳ ಕಾಗದಕ್ಕೆ, ಅವಳ ಮಾತು ಮುಗಿದಲ್ಲೆಲ್ಲ ನಾನು ನನ್ನ ಮಾತಿನ ಕುತ್ತಿಗೆ ಕುಯ್ದುಕೊಂಡು ಕೂತಿದ್ದೇನೆ, ಹೊಡೆದು ಹಾಕು, ಮತ್ತೆ ಬರಿ, ಹೊತ್ತೆಷ್ಟು ಉಳಿದಿದೆಯೋ, ಮತ್ತೆ ಟಕ್, ಸುಮ್ಮನಿರೇ ಮಾರಾಯ್ತಿ, ಯಾರಮ್ಮಾ ಅದು ಕುಟ್ಟೋದು, ಮೇಲ್ವಿಚಾರಕ ಬಂದೇ ಬಿಟ್ಟ, ಸನ್ನೆ ಮಾಡ್ತಿದ್ದೀರಾ, ಇಬ್ರ ಕಾಗದಾನೂ ಕಿತ್ಕೋಬೇಕಾಗುತ್ತೆ, ಸನ್ನೆ ಮಾಡೋ ವಯಸ್ಸಾ ಸ್ವಾಮಿ ಇದು, ಅಕ್ಕನ ದನಿ, ಹಿಂದಿನ ಬೆಂಚುಗಳೆಲ್ಲ ಕಿಸಕ್ಕೆಂದವು, ಅವನಿಗೂ ನಗು ತಡೆಯಲಿಲ್ಲ, ಬೆರಳು ಮಡಚಿಟ್ಕೊಳ್ಳಿ ಅಜ್ಜಿ, ಇನ್ನೊಂದ್ಸಲ ಕೇಳಿಸಿದ್ರೆ ಆಚೆ, ಅಂದು ಹೋದ.

ಈಗ ಬರೀ ಫ್ಯಾನು, ಇನ್ನು ನಾನೇ, ಫೇಲಾದರೆ ಮುಂದಿನ ಸಲ ಒಬ್ಬಳೇ ಬರಬೇಕು, ಕಣ್ಣಿನ ನರ ಒಣಗ್ತಿದೆ, ಓದೋದೆಲ್ಲ ಬೇಗ ಓದಿಬಿಡಿ ಅಂದಿದ್ದಾರೆ ಡಾಕ್ಟರು, ನನಗಲ್ಲ, ಅಕ್ಕನಿಗೆ, ಒಟ್ಟಿಗೇ ಪಾಸಾಗ್ಬೇಕು ಕಣೇ, ಆಟೋದಲ್ಲಿ ನನ್ನ ಮಣಿಕಟ್ಟು ಬಿಡದೆ ಹೇಳಿದಳು ಬೆಳಿಗ್ಗೆ, ಮೈ ಸಿಸ್ಟರ್ ಈಸ್ ಎ ಟೈಲರ್, ಬಾಗಿಲು ಹಾಕು, ಚುಕ್ಕೆ, ಶಿ ಲಾಫ್ಸ್ ಎ ಲಾಟ್, ಚುಕ್ಕೆ, ಬರುತ್ತಿದೆ, ಬರುತ್ತಿದೆ, ಶಿ ಕ್ಯಾನ್ ಸೀ — ಇಲ್ಲಿ ಇಟ್ಟರೂ ಸರಿ, ಅಕ್ಕನಿಗೆ ಕಣ್ಣು ಕಾಣುತ್ತದೆ, ಮಾತು ಮುಗಿಯಿತು, ಯಾರೂ ಅಂಕ ಕಳೆಯುವುದಿಲ್ಲ, ಮುಂದಕ್ಕೂ ಹೋಗಬಹುದು, ಓನ್ಲಿ ಎ ಲಿಟಲ್ ನೌ, ಈಗ ಸ್ವಲ್ಪ ಮಾತ್ರ, ಅದೂ ಸರಿ, ಎಲ್ಲಿ ಇಡಲಿ ಅಕ್ಕ, ಹೇಳೇ — ತಲೆ ಎತ್ತಿದೆ, ಅವಳು ಕಾಗದವನ್ನು ಮೂಗಿಗೆ ತಾಗುವ ಹಾಗೆ ಹಿಡಿದಿದ್ದಾಳೆ, ಎಡಗೈ ಮರೆತು ಮೇಲೆದ್ದಿದೆ, ಕುಟ್ಟಬಾರದೆಂದು ನೆನಪಾಗಿ ಅಲ್ಲೇ ನಿಂತಿದೆ ಬೆರಳು, ಮೇಜಿಗೆ ಒಂದು ಗೇಣು ಮೇಲೆ, ಸೀ ಪಕ್ಕದಲ್ಲಿ ನನ್ನ ಪೆನ್ನು, ಇಳಿಯದ ಆ ಬೆರಳು, ಗಾಳಿಯಲ್ಲಿ, ಆ ಬೆರಳು